ಮೌಸ್ ಮುಟ್ಟದ ಆಪಾ

ಆಪಾ ಅವರ ಬಲಗೈ ತೋರುಬೆರಳಿನ ತುದಿ ಮಾತ್ರ ಸದಾ ಮದರಂಗಿಯಿಂದ ಕೆಂಪಗಿರುತ್ತಿತ್ತು. ಉಳಿದ ಬೆರಳುಗಳಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. "ದುಡಿಯೂ ಬೆರಳಿಗಷ್ಟ ಸಿಂಗಾರ" ಎನ್ನುತ್ತಿದ್ದರು. ಆ ಬೆರಳಿನ ದುಡಿಮೆಯೆಂದರೆ, ಕಂಪ್ಯೂಟರ್ ಪರದೆಯ ಮೇಲೆ ಬಂದ ತಪ್ಪಿನ ಸಂದೇಶವನ್ನು ಒಂದೊಂದೇ ಪದ ಮುಟ್ಟಿ ಓದುವುದು. ಪಾಠ ಮುಗಿಯುವ ಹೊತ್ತಿಗೆ ಪರದೆಯ ತುಂಬ ಬೆರಳಚ್ಚು. ಒರೆಸುತ್ತ ನಾವು ಗೊಣಗಿದರೆ ಅವರಿಗೆ ನಗು.

ರೋಣದ ಪೇಟೆಯಲ್ಲಿ, ಕಡಲೆ-ಜೋಳದ ದಲಾಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರ ಕಂಪ್ಯೂಟರ್ ಕೇಂದ್ರವಿತ್ತು. ಕಲಿಯಲು ಬಂದವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು. ಅವರು ಮದುವೆಯಾಗಿರಲಿಲ್ಲ, ಯಾಕೆಂದು ಕೇಳುವ ಧೈರ್ಯ ಪೇಟೆಯಲ್ಲಿ ಯಾರಿಗೂ ಇರಲಿಲ್ಲ. ಸೊಲ್ಲಾಪುರದಲ್ಲಿದ್ದ ಅಣ್ಣ ಮಾತ್ರ "ಅದನ್ನೆಲ್ಲ ಮುಚ್ಚಿ ಇಲ್ಲಿಗೆ ಬಾ" ಎಂದು ಬೆನ್ನು ಹತ್ತಿದ್ದ. ಆಪಾಗೆ ರೋಣ ಬಿಡಲು ಜೀವ ಒಪ್ಪುತ್ತಿರಲಿಲ್ಲ. "ಸೊಲ್ಲಾಪುರದಾಗ ಎಲ್ಲಾ ಐತಿ ತಂಗಿ, ನನ್ನ ಗುರ್ತು ಹಿಡಿಯೂ ಮಂದಿ ಇಲ್ಲ" ಎಂದು ಒಮ್ಮೆ ಹೇಳಿದ್ದರು.

ನನ್ನ ಪಾಡು ಬೇರೆ. ಗಂಡನ ಮನೆ ಬಿಟ್ಟು ಹತ್ತಿರದ ಯಾವಗಲ್ ಊರಿನ ತವರಿಗೆ ಬಂದು ಕೂತಿದ್ದೆ. ಕೋರ್ಸ್ ಮುಗಿಯುವವರೆಗೆ ಇರಲಿ, ಆಮೇಲೆ ತಿಳಿಹೇಳಿ ವಾಪಸ್ ಕಳಿಸೋಣ ಎಂದು ಹಿರಿಯರು ಮಾತಾಡಿಕೊಂಡಿದ್ದರು. ದಿನಾ ಬಸ್ಸು ಹಿಡಿದು ರೋಣಕ್ಕೆ ಬರುವಾಗ, ಈ ಕೋರ್ಸ್ ಮುಗಿಯದೇ ಇರಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ. ಹಾಗೆ ಬೇಡಿಕೊಂಡ ವಿದ್ಯಾರ್ಥಿ ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಎರಡು ಸಾವಿರದ ಒಂಬತ್ತರ ಸುಮಾರಿಗೆ ಹುಬ್ಬಳ್ಳಿಯ ಸಣ್ಣ ಕಂಪನಿಯೊಂದು ಆಪಾಗೆ ಒಂದು ಕೆಲಸ ಕೊಟ್ಟಿತು. ಗಜೇಂದ್ರಗಡದ ನೇಕಾರರ ಗುಂಪಿನ ಸೀರೆಗಳಿಗೆ ವೆಬ್‌ಸೈಟ್ ಮಾಡಬೇಕು. ಚಲೋ ಬಂದರೆ ರೋಣದಲ್ಲೇ ಕೂತು ಮಾಡುವ ಕಾಯಂ ಕೆಲಸ. ಅದು ಸಿಕ್ಕರೆ ಸೊಲ್ಲಾಪುರದ ಮಾತು ಮುಗಿದಂತೆ, ಇಲ್ಲದಿದ್ದರೆ ಕೇಂದ್ರ ಮುಚ್ಚುವುದೆಂದು ಆಪಾ ಅಣ್ಣನಿಗೆ ಮಾತು ಕೊಟ್ಟುಬಿಟ್ಟಿದ್ದರು.

ಆಗಿನ್ನೂ ಹೊಸದಾಗಿದ್ದ ಸ್ಯಾಸ್ ಎಂಬ ಪದ್ಧತಿಯನ್ನು ಆಪಾ ಇಂಟರ್‌ನೆಟ್ಟಿನಲ್ಲಿ ಓದಿ ಓದಿಯೇ ಕಲಿತಿದ್ದರು. ಪುಟದ ಬಣ್ಣ, ಅಕ್ಷರ, ಅಂಚುಗಳನ್ನು ಬೇರೆ ಬೇರೆ ಸಣ್ಣ ಫೈಲುಗಳಲ್ಲಿ ಬರೆದಿಡುವುದು. ಮುಖ್ಯ ಫೈಲು ಅವನ್ನೆಲ್ಲ ಹೆಸರು ಹಿಡಿದು ಕರೆದು ಒಂದು ಮಾಡುತ್ತದೆ. "ನಮ್ಮ ಸೀರಿ ಇದ್ದಂಗ. ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಕೊಂಡಿ ಹಾಕಿ ಕೂಡಸ್ತಾರಲ್ಲ" ಎಂದಿದ್ದರು. ಸಣ್ಣ ಫೈಲುಗಳ ಹೆಸರಿನ ಮುಂದೆ ಒಂದು ಅಡ್ಡಗೆರೆ ಇರುತ್ತದೆ, ಕರೆಯುವಾಗ ಅದನ್ನು ಯಾಕೆ ಬರೆಯುವುದಿಲ್ಲ ಎಂದು ಕೇಳಿದ್ದಕ್ಕೆ, "ಮನೀ ಮಕ್ಕಳನ್ನ ಅಡ್ಡಹೆಸರು ಹಚ್ಚಿ ಕರೀತಾರೇನು?" ಎಂಬ ಉತ್ತರ.

ಇನ್ನು ಅವರ ಅಮಾವಾಸ್ಯೆಯ ಸಂಗತಿ ಹೇಳಬೇಕು. ಅಮಾವಾಸ್ಯೆ ಬಂತೆಂದರೆ ಪೇಟೆಯ ಅಂಗಡಿಗಳನ್ನೆಲ್ಲ ತೊಳೆದು ತಕ್ಕಡಿಗೆ ಪೂಜೆ. ಕೆಳಗಿನ ದಲಾಲರು ಕಾಯಿ ಒಡೆದು ಒಂದು ಹೋಳನ್ನು ಮೇಲಕ್ಕೆ ಕಳಿಸುತ್ತಿದ್ದರು. ಆಪಾ ನಮಾಜು ತಪ್ಪಿಸದವರು, ಅಮಾವಾಸ್ಯೆಯ ಸ್ವಚ್ಛತೆಯನ್ನೂ ತಪ್ಪಿಸುತ್ತಿರಲಿಲ್ಲ. "ಪ್ಯಾಟ್ಯಾಗ ಕುಂತ ಮ್ಯಾಲ ಪ್ಯಾಟಿ ರಿವಾಜ ಹಿಡೀಬೇಕು." ನೆಲ ಒರೆಸಿ, ಕೀಬೋರ್ಡಿನ ಧೂಳು ಜಾಡಿಸಿ, ಅಷ್ಟಕ್ಕೇ ಬಿಡದೆ ಡೆಸ್ಕ್‌ಟಾಪನ್ನೂ ಗುಡಿಸುತ್ತಿದ್ದರು. ಅಂದು ಪರದೆಯ ಮೇಲೆ ಒಂದು ಫೈಲೂ ಕಾಣಕೂಡದು. ಬೇಕಾದ್ದು, ಬೇಡವಾದ್ದು ಎಲ್ಲ ಎತ್ತಿ ಯಾವ್ಯಾವುದೋ ಫೋಲ್ಡರಿಗೆ ತುಂಬುವುದು. ಮರುದಿನ ನಾವು ತಡಕಾಡುವುದು.

ಹುಬ್ಬಳ್ಳಿಯ ಆ ಕಂಪನಿಯ ಸರ್ ಕೆಲಸ ನೋಡಲು ಬರುವುದಾಗಿ ಹೇಳಿದ್ದು ಅಂಥದೊಂದು ಅಮಾವಾಸ್ಯೆಯ ಮರುದಿನ. ಅಂಚಿನ ಕೆಂಪು ಸ್ವಲ್ಪ ಗಾಢವಾಗಲಿ ಎಂದು ಫೋನಿನಲ್ಲಿ ತಿಳಿಸಿದ್ದರು. ಬೆಳಗ್ಗೆ ನಾನು ಬಣ್ಣ ತಿದ್ದಲು ಕೂತೆ. ಮುಖ್ಯ ಫೈಲು ಒಂದು ಫೋಲ್ಡರಿನಲ್ಲಿ ಸಿಕ್ಕಿತು. ಅದನ್ನು ನಡೆಸಿದರೆ, ಕರೆದ ಫೈಲು ಸಿಗಲಿಲ್ಲ ಎಂದು ಸಂದೇಶ ಬಂತು. ಸೀರೆಗಳ ಪುಟ ಬಣ್ಣ ಕಳೆದುಕೊಂಡು ಬೋಳಾಗಿ ನಿಂತಿತು.

"ಆಪಾ, ಎಲ್ಲಾ ತಗದು ಹೊಸದಾಗಿ ಹಾಕೂಣೇನ್ರಿ?" ಎಂದೆ.

"ಉಪ್ಪಿನ ಡಬ್ಬಿ ಸಿಗಲಿಲ್ಲಂತ ಮನೀನ ಕೆಡವ್ತಾರೇನು? ಓದು. ಯಾವುದು ಸಿಗಲಿಲ್ಲ ಅಂತೈತಿ? ಅದನ್ನ ಕರದವ್ರು ಯಾರು? ಎಲ್ಲಿ ಹುಡುಕಿ ಇಲ್ಲ ಅಂತೈತಿ?"

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವರು ಕೂರಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, "ನೀನ ಹುಡುಕು" ಎಂದರು. ಇವರ ಊರು, ಇವರ ಬದುಕು ತೂಗುಯ್ಯಾಲೆಯಲ್ಲಿದೆ, ಈಗಲೂ ಮೇಷ್ಟ್ರಿಕೆ ಬೇಕೇ ಎಂದು ನನಗೆ ಸಿಟ್ಟೇ ಬಂತು.

ಓದಿದೆ. ಸಿಗದ ಫೈಲು ಬಣ್ಣದ್ದು. ಕರೆದದ್ದು ಮುಖ್ಯ ಫೈಲು. ಪಕ್ಕದಲ್ಲಿರುವ ಫೋಲ್ಡರಿನಲ್ಲಿ ಹುಡುಕು ಎಂದು ಅದರಲ್ಲಿ ಬರೆದಿತ್ತು. ಪಕ್ಕದಲ್ಲಿ ಆ ಫೋಲ್ಡರೇ ಇರಲಿಲ್ಲ. ಇಡೀ ಕಂಪ್ಯೂಟರ್ ಹುಡುಕಿದಾಗ, ಹಳೇ ಪ್ರಶ್ನೆಪತ್ರಿಕೆಗಳ ನಡುವೆ ಅದು ತಣ್ಣಗೆ ಕೂತಿತ್ತು. ತಂದು ಅದರ ಜಾಗಕ್ಕೆ ಇಟ್ಟು ಮತ್ತೆ ನಡೆಸಿದೆ. ಮತ್ತೆ ಸಿಗಲಿಲ್ಲ ಎಂಬ ಸಂದೇಶ! ನನಗೆ ಅಳುವೇ ಬಂತು.

"ಅಳಬ್ಯಾಡ, ಹೆಸರು ನೋಡು. ಬ್ಯಾರೆ ಫೈಲಿನ ಹೆಸರು ಬಂತಲ್ಲ? ಅಂದ್ರ ಮೊದಲನೇದ್ದು ಗೆದ್ದಿ."

ಖರೆ. ಈಗ ಕೇಳುತ್ತಿದ್ದದ್ದು ಅಕ್ಷರಗಳ ಫೈಲನ್ನು. ಅದೂ ನಿನ್ನೆಯ ಅಮಾವಾಸ್ಯೆಯ ಗಡಿಬಿಡಿಯಲ್ಲಿ ಇನ್ನೊಂದು ಮೂಲೆ ಸೇರಿತ್ತು. ಅಷ್ಟರಲ್ಲಿ ಹುಬ್ಬಳ್ಳಿಯ ಸರ್ ಮೇಲೆ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರು. ಆಪಾ ಅವರಿಗೆ ನೀರು ಕೊಟ್ಟು ಸುಮ್ಮನಾದರು. ಬೆವರುತ್ತಲೇ ಆ ಫೈಲನ್ನೂ ತಂದಿಟ್ಟು ನಡೆಸಿದೆ. ಸೀರೆಗಳು ಕೆಂಪು ಅಂಚು ಉಟ್ಟುಕೊಂಡು ಪುಟದ ತುಂಬ ಬಂದವು.

ಸರ್ ಖುಷಿಯಾದರು. "ಆದ್ರ ಸದ್ಯಕ್ಕ ಒಬ್ಬರಿಗಷ್ಟ ಕೆಲಸ ಐತ್ರಿ. ನೀವ ನೋಡ್ಕೋತೀರಲ್ಲ?" ಎಂದು ಆಪಾ ಕಡೆ ತಿರುಗಿದರು.

"ಇಕಿ ನೋಡ್ಕೋತಾಳ್ರಿ. ನೀವ ಕಣ್ಣಾರೆ ನೋಡಿದ್ರಲ್ಲ, ಹ್ಯಾಂಗ ಹುಡುಕಿದ್ಲು" ಎಂದರು ಆಪಾ.

ನಾನು ಬಾಯಿ ತೆರೆಯುವ ಮೊದಲೇ ಚಹಾ ತರಲು ಹೋಗಿಬಿಟ್ಟಿದ್ದರು. ಆಮೇಲೆ ಎಷ್ಟು ಜಗಳಾಡಿದರೂ ಕೇಳಲಿಲ್ಲ. ಕಂಪ್ಯೂಟರುಗಳ ಸಮೇತ ಕೋಣೆಯನ್ನು ನನಗೆ ಒಪ್ಪಿಸಿ ಸೊಲ್ಲಾಪುರದ ಗಾಡಿ ಹತ್ತಿದರು. ನನ್ನ ಕೈಗೆ ಪಗಾರ ಬರತೊಡಗಿದ ಮೇಲೆ ಯಾವಗಲ್ಲಿನ ಹಿರಿಯರೂ ತಣ್ಣಗಾದರು. ರೋಣದಲ್ಲಿ ಉಳಿಯಬೇಕೆಂದು ಹಂಬಲಿಸಿದವರು ಅವರು, ಉಳಿದವಳು ನಾನು.

ಫೋನು ಮಾತ್ರ ತಪ್ಪಲಿಲ್ಲ. ಮಾತು ಮುಗಿದ ಮೇಲೆ ಪ್ರತಿ ಸಲ, "ತಂಗಿ, ಫೋನ್ ಕಿಡಕಿ ಹೊರಗ ಹಿಡಿ" ಎನ್ನುತ್ತಿದ್ದರು. ಹಿಡಿಯುತ್ತಿದ್ದೆ. ಹಮಾಲರ ಕೂಗು, "ಗದಗ, ಗದಗ, ಲಗೂ ಹತ್ರಿ" ಎನ್ನುವ ಕಂಡಕ್ಟರು, ಟ್ರ್ಯಾಕ್ಟರಿನ ಸದ್ದು. ಕೈ ಸೋತು ಒಳಗೆ ತಂದಾಗ ಆ ಕಡೆಯಿಂದ ಉಸಿರಷ್ಟೇ ಕೇಳುತ್ತಿತ್ತು.

ಅವರು ಹಾಸಿಗೆ ಹಿಡಿದ ಮೇಲೆ ಒಂದು ದಿನ ಫೋನಿನಲ್ಲೇ ಕೇಳಿಬಿಟ್ಟೆ: ಆ ಫೈಲುಗಳು ಎಲ್ಲಿದ್ದವೆಂದು ಅವತ್ತು ನಿಮಗೆ ಗೊತ್ತಿರಲಿಲ್ಲವೇ?

"ನಾನ ಇಟ್ಟಿದ್ದೆ, ಗೊತ್ತಿರೂದಿಲ್ಲೇನ? ಸಂದೇಶ ನೋಡಿದ ಕೂಡಲೇ ಗೊತ್ತಾತು." ಸ್ವಲ್ಪ ಹೊತ್ತು ದಮ್ಮು ತೆಗೆದುಕೊಂಡರು. "ನನಗ ಹೋಗಾಕ ಒಂದು ಮನಿ ಇತ್ತು ತಂಗಿ. ನಿನಗ ಇದ್ದದ್ದು ಹಿಂದಕ್ಕ ಕಳಸೂ ಮನಿ."



ಮುಂದೆ ಕೆಲವು ದಿನಕ್ಕೆ ಅವರ ಅತ್ತಿಗೆಯ ಫೋನ್ ಬಂತು. ಆಪಾ ತೀರಿಹೋಗಿದ್ದರು, ಇನ್ನೂ ಮನೆಯಲ್ಲೇ ಇದ್ದಾರೆ, ಮಧ್ಯಾಹ್ನದ ಮೇಲೆ ಒಯ್ಯುತ್ತಾರೆ ಎಂದರು. ಫೋನನ್ನು ಅವರ ಕಿವಿಯ ಹತ್ತಿರ ಇಡುತ್ತೀರೇನ್ರಿ ಎಂದು ಕೇಳಿದೆ. ಯಾಕೆಂದು ಆಕೆ ಕೇಳಲಿಲ್ಲ. ನಾನು ಕಿಟಕಿಯ ಹೊರಗೆ ಕೈ ಚಾಚಿ ನಿಂತೆ. ಕೆಳಗೆ ಗದಗಿನ ಬಸ್ಸು ಹೊರಡುತ್ತಿತ್ತು.