ಮರಿನಾಲ್ವಾ ಹಲಗೆಯೊಳಗೆ ಬರೆದದ್ದು

ನಗರಸಭೆ ನಮಗೆ ಒಂದು ಕೆಂಪು ಬಾವುಟ ಬಾಕಿ ಉಳಿಸಿಕೊಂಡು ನಾಲ್ಕು ವರ್ಷವಾಯಿತು. ಹೂಳೆತ್ತುವ ಹಡಗು ಅಳಿವೆಯಲ್ಲಿ ಕೆಸರು ಸುರಿಯುವ ದಿನವೆಲ್ಲ ನಮ್ಮೂರು ಬಾರ್ರಾ ದೊ ಮುಲುಂಗುವಿನ ದಡದಲ್ಲಿ ಬಾವುಟ ಏರಿಸುತ್ತೇವೆ, ಶಾರ್ಕ್ ಬರುವ ಆ ನೀರಿಗೆ ಯಾರೂ ಇಳಿಯದ ಹಾಗೆ ನೋಡಿಕೊಳ್ಳುತ್ತೇವೆ ಎಂದು ಮಾತು ಕೊಟ್ಟಿದ್ದರು. ನಾವು ಅವರ ಬಾಗಿಲಲ್ಲಿ ಹನ್ನೊಂದು ದಿನ ಕೂತ ಮೇಲೆ ಕೊಟ್ಟ ಮಾತು ಅದು. ಅವತ್ತು ಕುಡಿಯಲು ಕಾಫಿಯನ್ನೂ ಕೊಟ್ಟರು. ಬಂದದ್ದು ಕಾಫಿ ಮಾತ್ರ. ಬಾವುಟ ಕೇಳಲು ಹೋದರೆ, ಶಾರ್ಕ್ ಕಡಿತಕ್ಕೂ ಕೆಸರಿಗೂ ಸಂಬಂಧವಿದೆ ಎನ್ನಲು ದಾಖಲೆ ಎಲ್ಲಿ ಎಂದು ನಮ್ಮನ್ನೇ ಕೇಳಿದರು.

ದಾಖಲೆ ಇತ್ತು. ಅಲೆ ಸವಾರರ ಸರ್ಫಿಂಗ್ ಹಲಗೆಗಳ ಹೊಟ್ಟೆಯೊಳಗಿತ್ತು. ಅದನ್ನು ಅಲ್ಲಿ ಇಟ್ಟವಳು ಮರಿನಾಲ್ವಾ.

ಇಪ್ಪತ್ತು ವರ್ಷ ಮಾರುಕಟ್ಟೆಯಲ್ಲಿ ಮೀನು ಸೀಳಿದವಳು ಆಕೆ. ಬೆಕ್ಕುಮೀನಿನ ಮುಳ್ಳು ಹೊಕ್ಕು ಎಡಗೈ ಹೆಬ್ಬೆರಳು ಮಡಚದಂತಾದ ಮೇಲೆ ಕತ್ತಿ ಬಿಟ್ಟು ಹಲಗೆ ರಿಪೇರಿಗೆ ಕೂತಳು. ದಡದ ಮೇಲಿನ ತಗಡಿನ ಷೆಡ್ಡೇ ಅಂಗಡಿ. ಅಲ್ಲಿ ತೇಪೆಗೆ ಹಚ್ಚುವ ರೆಸಿನ್ ಅಂಟಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಶಾರ್ಕ್ ಕಚ್ಚಿದ ಹಲಗೆ ಬಂದರೆ ಆಕೆ ತಕ್ಷಣ ತೇಪೆ ಹಾಕುವುದಿಲ್ಲ. ಯಾವಾಗ, ಉಬ್ಬರವೋ ಇಳಿತವೋ, ನೀರಿನ ಬಣ್ಣ ಯಾವುದು, ಎಲ್ಲ ಕೇಳಿ ಪೆನ್ಸಿಲಿನಲ್ಲಿ ಹಲಗೆಯೊಳಗಿನ ಫೋಮಿನ ಮೇಲೆ ಬರೆದು, ಆಮೇಲೆ ಮುಚ್ಚಿ, ತೇಪೆಯ ಪಕ್ಕ ನೀಲಿ ಬಣ್ಣದಲ್ಲಿ ಒಂದು ಮೀನಿನ ಮುಳ್ಳು ಬಿಡಿಸುತ್ತಾಳೆ. ಕಡಿತವನ್ನು ಬರೆದು ಮುಚ್ಚಿದರೆ ಆ ಹಲಗೆಗೆ ಶಾರ್ಕಿನ ಎರಡನೇ ಬಾಯಿ ಬೀಳುವುದಿಲ್ಲ ಎಂದು ನಮ್ಮ ದಡದಲ್ಲಿ ನಂಬಿಕೆ. ಆಕೆಗೆ ಆ ನಂಬಿಕೆ ಇಲ್ಲ. ಆದರೆ ಬರೆಯದಿದ್ದರೆ ಸವಾರರು ಹಲಗೆ ಮುಟ್ಟುವುದಿಲ್ಲ.

ಕಳೆದ ಆಗಸ್ಟಿನಲ್ಲಿ ಬ್ರೆಡ್ ಹಂಚುವ ಕ್ಲೆಬ್ಸನ್ ಕುಂಟುತ್ತ ಬಂದ. ಹಿಮ್ಮಡಿಗೆ ಹದಿನಾಲ್ಕು ಹೊಲಿಗೆ. ಅವನ ಹಲಗೆ ಹೊತ್ತು ತಂದದ್ದು ಎಳನೀರು ಮಾರುವ ನಿಲ್ದೊ. ನಾನು ಅಲ್ಲೇ ಕರಪತ್ರ ಮಡಚುತ್ತಿದ್ದೆ.

"ಹುಲಿ ಶಾರ್ಕೇ ಅತ್ತೆ, ಬಾಯಿ ಎಷ್ಟಗಲ ನೋಡಿ," ಎಂದ ನಿಲ್ದೊ.

"ನೀನೆಲ್ಲಿ ನೋಡ್ದೆ? ದಡಕ್ಕೆ ಓಡೋದ್ರಲ್ಲಿ ಮೀನನ್ನೇ ಸೋಲಿಸಿದ್ಯಲ್ಲ," ಎಂದ ಕ್ಲೆಬ್ಸನ್.

"ಓಡದೆ? ನಿಂತ್ಕೊಂಡು ಪರಿಚಯ ಮಾಡ್ಕೋಬೇಕಿತ್ತಾ?"

ಮರಿನಾಲ್ವಾ ಹಲಗೆಯಲ್ಲಿ ಹಲ್ಲು ಇಳಿದ ತೂತಿಗೆ ಬೆರಳು ತೂರಿಸಿದಳು. "ಹುಲಿ ಅಲ್ಲ. ಹುಲಿ ಹಲ್ಲು ಕೋಳಿ ಜುಟ್ಟಿನ ಹಾಗೆ ಒಂದು ಕಡೆ ವಾಲಿರುತ್ತೆ. ಇದು ಚಪ್ಪಟೆತಲೆ ಶಾರ್ಕ್. ಕೆಳಗಿನ ಹಲ್ಲು ಸಣ್ಣದು, ಚುಚ್ಚಿ ಹಿಡ್ಕೊಳ್ಳುತ್ತೆ. ಮೇಲಿಂದು ಅಗಲ, ಕೊಯ್ಯುತ್ತೆ. ನೋಡು, ಈ ಕಡೆ ತೂತು, ಆ ಕಡೆ ಸೀಳು. ಕೆಸರು ನೀರಲ್ಲಿ ಅದಕ್ಕೆ ಕಾಲು ಯಾವ್ದು, ಮೀನು ಯಾವ್ದು ಗೊತ್ತಾಗಲ್ಲ. ಕಚ್ಚಿ ನೋಡುತ್ತೆ."

"ಕಚ್ಚಿ ಉಗುಳಿದೆ ಇವನನ್ನ," ಎಂದ ನಿಲ್ದೊ.

"ನಗು ನೀನು. ಶಾರ್ಕ್ ಅಂದ್ರೆ ಬಾಯ್ಬಿಟ್ಕೊಂಡು ಕೇಳ್ತೀರ. ಈ ದಡದಲ್ಲಿ ಜನರನ್ನ ಹೆಚ್ಚು ಅಳಿಸಿದ್ದು ನಿಕಿಂ. ಅಂಗೈಯಷ್ಟು ಮೀನು, ಮರಳಲ್ಲಿ ಹೂತ್ಕೊಂಡಿರುತ್ತೆ. ವಿಷದ ಮುಳ್ಳು. ತುಳಿದೋನು ಹೆತ್ತವಳ ಹೆಸರು ಮರೀತಾನೆ. ತೊರಕೆ ಮೀನಿನ ಬಾಲದ ಮುಳ್ಳು ಆಮೇಲಿನ ಮಾತು. ಸರಿ ಕ್ಲೆಬ್ಸನ್, ಹೇಳು. ಎಷ್ಟು ಹೊತ್ತಿಗೆ?"

"ಹತ್ತೂವರೆ. ಇಳಿತ. ನೀರು ಕಾಫಿ ಬಣ್ಣ, ಹಡಗು ಸುರೀತಿತ್ತು." ಆಕೆ ಬರೆಯುವುದನ್ನು ನೋಡುತ್ತಿದ್ದವನು ಕೇಳಿದ: "ಅತ್ತೆ, ಹೀಗೆ ಎಷ್ಟು ಬರೆದಿದ್ದೀರಿ?"

"ಮೂವತ್ತರ ಮೇಲೆ."

"ಎಷ್ಟರಲ್ಲಿ ಕಾಫಿ ಬಣ್ಣ?"

ಪೆನ್ಸಿಲ್ ನಿಂತಿತು. ಆಕೆಗೆ ಗೊತ್ತಿರಲಿಲ್ಲ. ಒಂದು ಪುಸ್ತಕ ಇಡಬೇಕೆಂದು ತೋಚಿರಲೇ ಇಲ್ಲ. ತಪ್ಪು ಆಕೆಯದೊಂದೇ ಅಲ್ಲ. ಹನ್ನೊಂದು ದಿನ ಗಂಟಲು ಹರಿಯುವಂತೆ ಕೂಗಿದ ನಾವು ಒಬ್ಬರಾದರೂ ಆ ಷೆಡ್ಡಿಗೆ ಬಂದು ಈ ಪ್ರಶ್ನೆ ಕೇಳಿದ್ದೆವೇ?

"ನಿಲ್ದೊ, ನಿನ್ನ ಹಲಗೆ ಕೊಡು, ಒಳಗೆ ಏನ್ ಬರ್ದಿದ್ದೆ ನೋಡ್ಬೇಕು," ಎಂದಳು ಮರಿನಾಲ್ವಾ. ಮೂರು ವರ್ಷದ ಹಿಂದೆ ಅದಕ್ಕೂ ಬಾಯಿ ಬಿದ್ದಿತ್ತು.

"ಕೊಯ್ಯೋಕಾ? ಆಗಲ್ಲ ಅತ್ತೆ. ತೆರೆದ್ರೆ ಶಾರ್ಕ್ ಬಾಯಿಗೆ ಹಾಕಿದ ಕಟ್ಟು ಬಿಟ್ಟುಹೋಗುತ್ತೆ. ನಾಳೆ ನೀರಲ್ಲಿ ನಾನು ಅದರ ಮೇಲೇ ಮಲಗಬೇಕು."

"ಕಟ್ಟು ಹಾಕಿದ್ದು ನಾನು. ಅದ್ರಲ್ಲಿ ರೆಸಿನ್ ಬಿಟ್ಟು ಇನ್ನೇನೂ ಇಲ್ಲ. ಮೀನಿಗೆ ಓದೋಕೆ ಬರಲ್ಲ ಕಣೋ."

"ನಗರಸಭೆಗೆ ಬರುತ್ತಾ?"

ನಿಲ್ದೊ ಉಗುರು ಕಚ್ಚಿಕೊಂಡು ನಿಂತ. ಕ್ಲೆಬ್ಸನ್‌ನ ಹಿಮ್ಮಡಿಯ ಪಟ್ಟಿಯನ್ನು ಒಮ್ಮೆ ನೋಡಿದ. ಆಮೇಲೆ ಹಲಗೆ ತಂದು ಮೇಜಿನ ಮೇಲೆ ಎಸೆದ. ಗರಗಸ ಹಾಕಿದ್ದು ಮರಿನಾಲ್ವಾ. ಸಿಪ್ಪೆಯಂತೆ ಎದ್ದ ತೇಪೆಯ ಕೆಳಗೆ ಪೆನ್ಸಿಲ್ ಅಕ್ಷರ ನಿನ್ನೆ ಬರೆದಂತಿತ್ತು: ಇಳಿತ. ಒಂಬತ್ತು ಗಂಟೆ. ನೀರು ಕಂದು. ಹಡಗು ಇತ್ತು.

ಅದಾದ ಮೇಲೆ ಜಗಳವಾಡುತ್ತಲೇ ಇನ್ನೂ ಏಳು ಜನ ತಮ್ಮ ಹಲಗೆ ತಂದರು. ಕ್ಲೆಬ್ಸನ್‌ನದೂ ಸೇರಿ ಒಂಬತ್ತು ತುಂಡು. ಎಂಟರಲ್ಲಿ ಕಂದು ನೀರು, ಹಡಗು. ಒಂದರಲ್ಲಿ ಮಾತ್ರ ‘ನೀರು ಗಾಜಿನಂತೆ, ಹಡಗು ಇಲ್ಲ’. ಅದನ್ನು ಬಿಟ್ಟು ಹೋಗೋಣ ಎಂದೆ ನಾನು.

"ಅದನ್ನೂ ಒಯ್ಯಿ," ಎಂದಳು ಆಕೆ. "ನನಗೆ ಬೇಕಾದ ಮೀನನ್ನೇ ಬರೆಯೋದಾಗಿದ್ರೆ ಸವಾರರನ್ನ ಯಾಕೆ ಕೇಳ್ತಿದ್ದೆ? ಆ ದಿನ ಅದು ಯಾಕೆ ಬಂತು ಅಂತ ನನಗಿನ್ನೂ ತಿಳೀಬೇಕು."

ಒಂಬತ್ತನ್ನೂ ನಗರಸಭೆಗೆ ಒಯ್ದೆವು. ಅಧಿಕಾರಿ ಪೆನ್ನಿನ ತುದಿಯಿಂದ ಫೋಮ್ ತಿವಿದು ನೋಡಿ, ಒಂಬತ್ತು ಸಾಲದು, ಇಪ್ಪತ್ತಾದರೂ ತನ್ನಿ, ಆಮೇಲೆ ಬಾವುಟದ ಮಾತು ಎಂದ. ಡಿಸೆಂಬರಿನಲ್ಲಿ ಹಡಗು ಮತ್ತೆ ಬರುತ್ತದೆ. ಕ್ಲೆಬ್ಸನ್ ಹಿಮ್ಮಡಿಯ ಗಾಯ ಮಾಯುತ್ತಲೇ ಮತ್ತೆ ನೀರಿಗೆ ಇಳಿದಿದ್ದಾನೆ. ಆಕೆ ಬರೆದು ಮುಚ್ಚಿದ ಉಳಿದ ಹಲಗೆಗಳು ಊರಲ್ಲಿಲ್ಲ. ಬೇಸಿಗೆಗೆ ಬಂದ ಪ್ರವಾಸಿಗರು ನೆನಪಿಗೆಂದು ಕೊಂಡುಹೋಗಿದ್ದಾರೆ.

ಕೊಂಡುಹೋದವರು ನೀವೇ. ಗೋಡೆಗೆ ತೂಗುಹಾಕಿದ ಆ ಹಲಗೆಯನ್ನು ಕೆಳಗಿಳಿಸಿ. ತೇಪೆಯ ಪಕ್ಕ ನೀಲಿ ಮೀನಿನ ಮುಳ್ಳಿದ್ದರೆ ಸುತ್ತ ಒಂದು ಗೇಣು ಬಿಟ್ಟು ಕೊಯ್ಯಿರಿ. ಒಳಗೆ ಕಂದು ನೀರಿರಲಿ, ಗಾಜಿನಂಥ ನೀರಿರಲಿ, ಆ ತುಂಡನ್ನು ಡಿಸೆಂಬರಿಗೆ ಮುಂಚೆ ಮರಿನಾಲ್ವಾಳ ಷೆಡ್ಡಿಗೆ ಕಳುಹಿಸಿ. ಹಲಗೆ ಹಾಳಾಗುತ್ತದೆ. ಆಗಲಿ. ಕಳುಹಿಸಿ.