ಸೊಲ್ಲು ಎತ್ತಿದ್ದು ನಾನಲ್ಲ

ಇದನ್ನು ಕೇಳಿ ನಗುವವರು ನಗಲಿ. ಹೋದ ವರ್ಷದವರೆಗೆ ಇಂಥ ಕಥೆ ಹೇಳಿದವರನ್ನು ಕಂಡು ನಾನೂ ನಕ್ಕವಳೇ. ಆದರೆ ಇದು ನಮ್ಮ ಮನೆಯ ಅಂಗಳದಲ್ಲಿ, ನನ್ನ ಕಣ್ಣೆದುರೇ ನಡೆದದ್ದು.

ನಮ್ಮ ಮನೆ ಕರಿಕೆಯ ಹತ್ತಿರ. ಮದುವೆ ಮನೆಗಳಲ್ಲಿ ಸೋಬಾನೆ ಹೇಳುವುದು ನನ್ನ ಹುಚ್ಚು. ನಾನು ಸೊಲ್ಲು ಎತ್ತಿದರೆ, ಅಂದರೆ ಮೊದಲ ಸಾಲು ಹಾಡಿದರೆ, ಉಳಿದ ಹೆಂಗಸರು ಅದನ್ನೇ ತಿರುಗಿ ಹಾಡುತ್ತಾರೆ. ಎತ್ತಿದ ಸೊಲ್ಲನ್ನು ಹಿಡಿಯದೆ ಬಿಡಬಾರದು ಎಂದು ಏಳು ವರ್ಷದ ಮಗಳು ಧನ್ಯಳಿಗೂ ಕಲಿಸಿದ್ದೆ.

ಆ ಸಲ ಒಂದರ ಹಿಂದೊಂದು ಮದುವೆ. ಗಂಟಲು ಕೈಕೊಟ್ಟಿತು. ಮಡಿಕೇರಿಯ ಡಾಕ್ಟರು, "ಹದಿನೈದು ದಿನ ಒಂದು ಮಾತೂ ಆಡಬಾರ್ದು. ಪಿಸುಮಾತೂ ಬೇಡ. ಹಟ ಮಾಡಿದ್ರೆ ಸ್ವರ ವಾಪಸ್ ಬರದೇ ಹೋಗ್ಬಹುದು" ಎಂದರು. ಸ್ವರ ಹೋದರೆ ನಾನು ಇದ್ದೇನು ಫಲ ಎಂದು ರಾತ್ರಿಯಿಡೀ ಕಣ್ಣೀರು ಹಾಕಿದೆ. ನನ್ನ ಗಂಡ ಮಾತ್ರ, "ಮನೆಗೆ ಹದಿನೈದ್ ದಿನ ಹಬ್ಬ" ಎಂದು ನಕ್ಕರು.

ಒಂಬತ್ತನೇ ದಿನ. ಗಂಡ ಊರಲ್ಲಿರಲಿಲ್ಲ. ರಾತ್ರಿ ಊಟಕ್ಕೆ ಮೊದಲೇ ಕರೆಂಟು ಹೋಯಿತು. ನಾನು ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಅಂಗಳದ ಕಣದಲ್ಲಿ ಒಣಗಲು ಹರಡಿದ್ದ ಕಾಫಿ ಹಣ್ಣಿನ ಹುಳಿ ವಾಸನೆ ಕಿಟಕಿಯಿಂದ ಬರುತ್ತಿತ್ತು...

ಆಗ ಹೊರಗಿನಿಂದ ಹಾಡು ಕೇಳಿಸಿತು.

ಮದುಮಗಳನ್ನು ಮನೆಯಿಂದ ಕಳಿಸಿಕೊಡುವ ಹಾಡು. ದನಿ... ನನ್ನದು. ಸಾಲಿನ ಕೊನೆಯನ್ನು ಸಣ್ಣಗೆ ಮೂಗಿನಲ್ಲಿ ಎಳೆಯುವ ನನ್ನ ಕೆಟ್ಟ ಅಭ್ಯಾಸವೂ ಹಾಗೆಯೇ ಇತ್ತು. ನನ್ನ ಮೊಬೈಲಿನಲ್ಲಿ ಮಗಳು ಹಳೆಯ ವಿಡಿಯೋ ಹಾಕಿರಬೇಕು ಎಂದುಕೊಂಡೆ. ಮೊಬೈಲು ನನ್ನ ಮಡಿಲಲ್ಲೇ ಟಾರ್ಚ್ ಹೊತ್ತಿಕೊಂಡು ಬಿದ್ದಿತ್ತು.

ಒಂದು ಸಾಲು ಹಾಡಿ ಅದು ನಿಂತಿತು. ಹಿಡಿಯುವವರಿಗಾಗಿ ಕಾಯುವಂತೆ...

ಅಡುಗೆಮನೆಯಲ್ಲಿದ್ದ ಅತ್ತೆ, ನನ್ನ ಸ್ವರ ಮರಳಿ ಬಂತೆಂಬ ಸಂಭ್ರಮದಲ್ಲಿ ಮೊಮ್ಮಗಳಿಗೆ ಹೇಳಿದರು. "ಅವ್ವಂಗೆ ಸ್ವರ ಬಾತ್ ಗೂಡೆ! ಹೊರಗೆ ಹಾಡ್ತುಟ್ಟು. ಹೋಗ್, ಸೊಲ್ಲು ಹಿಡಿ."

ಧನ್ಯಳ ತೆಳ್ಳನೆಯ ದನಿ ಆ ಸಾಲನ್ನು ಹಿಡಿಯಿತು. ಬಾಗಿಲ ಚಿಲಕ ಸರಿದ ಸದ್ದಾಯಿತು.

ಎದ್ದು ಓಡಿದೆ. ಮೊಬೈಲಿನ ಬೆಳಕಿನಲ್ಲಿ ಕಂಡಳು... ಹಾಡುತ್ತಾ ಕಣದ ಕೊನೆಯತ್ತ ನಡೆಯುತ್ತಿದ್ದಾಳೆ. ಅಲ್ಲಿ ಆನೆ ಬಾರದಿರಲೆಂದು ತೋಡಿದ ಆಳವಾದ ಕಂದಕ. ಒಂದೊಂದು ಸಾಲಿಗೂ ಆ ದನಿ ಹಿಂದಕ್ಕೆ ಸರಿಯುತ್ತಿತ್ತು, ಮಗಳು ಮುಂದಕ್ಕೆ ಹೋಗುತ್ತಿದ್ದಳು.

ಸ್ವರ ಹಾಳಾಗಿ ಹೋಗಲಿ, ಮಗಳು ಉಳಿಯಲಿ ಎಂದು ಬಾಯಿ ತೆರೆದು ಕೂಗಿದೆ. ನನ್ನ ಬಾಯಿಂದ ಬರೀ ಗಾಳಿ ಹೊರಟಿತು.

"ಧನ್ಯಾ..." ಎಂಬ ಕೂಗು ಕಂದಕದ ಆಚೆಯಿಂದ ಕೇಳಿಸಿತು.

ಹೇಗೆ ಓಡಿದೆನೋ ದೇವರೇ ಬಲ್ಲ. ಕಂದಕದ ಅಂಚಿನಲ್ಲಿ ಅವಳ ಜಡೆ ಕೈಗೆ ಸಿಕ್ಕಿತು. ಹಿಡಿದು ಎಳೆದೆ. ಅವಳು ತಿರುಗಿ ನೋಡಿ, "ಅವ್ವಾ... ನೀ ಇಲ್ಲಿ? ಹಂಗಾರೆ ಅಲ್ಲಿ ಯಾರ್?" ಎಂದಳು. ಆಮೇಲೆ ಜೀರುಂಡೆಯ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ದಿನ ತುಂಬಿದ ಮೇಲೆ ನನ್ನ ಸ್ವರ ಬಂತು. ಮೊದಲಿಗಿಂತ ಚೆಂದ ಆಗಿದೆ ಎಂದು ನೆಂಟರೆಲ್ಲ ಹೊಗಳಿದರು. ಮೊನ್ನೆ ಒಂದು ಮದುವೆಯಲ್ಲಿ ಮತ್ತೆ ಸೊಲ್ಲು ಎತ್ತಿದೆ. ಹೆಂಗಸರೆಲ್ಲ ಹಿಡಿದರು. ಧನ್ಯ ಮಾತ್ರ ತುಟಿ ಬಿಗಿಹಿಡಿದು ಕುಳಿತಿದ್ದಳು. ಯಾಕೆಂದು ಕೇಳಿದ್ದಕ್ಕೆ ನನ್ನ ಕಿವಿಯಲ್ಲಿ ಹೇಳಿದಳು.

"ಇದ್ ನಿನ್ನ ಸ್ವರ ಅಲ್ಲವ್ವಾ... ಅಂದ್ ಕಂದಕದ ಆಚೆಂದ ಕರ್ದದ್ ಇದೇ."

ಅಂದಿನಿಂದ ಅವಳನ್ನು ಹೆಸರು ಹಿಡಿದು ಕರೆಯಲು ನನಗೇ ಭಯ.