ದೇವರಿಗೆ, ತಾಂಬೂಲಕ್ಕೆ, ಬಾಯಿಗೆ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾವು ಆಗ ಹಿನಕಲ್ ಕಡೆ ಬಾಡಿಗೆಗಿದ್ದೆವು. ಒಂದು ಸಂಜೆ ಮಹಡಿ ಮನೆಯ ಕಾಲೇಜು ಹುಡುಗ ಅಂಗೈ ಅಗಲದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು ತೋರಿಸಿದ. ಒಳಗೆ ಯಾರೋ ಆಟಗಾರನ ಚಿತ್ರವಿದ್ದ ಕಾರ್ಡು, ಅದರ ಮೇಲೊಂದು ಚೀಟಿ, ಚೀಟಿಯಲ್ಲಿ ಒಂಬತ್ತು ಎಂಬ ಅಂಕಿ. ವಿದೇಶದ ಯಾವುದೋ ಕಂಪನಿ ಕಾರ್ಡನ್ನು ಪರೀಕ್ಷೆ ಮಾಡಿ, ಹತ್ತಕ್ಕೆ ಒಂಬತ್ತು ಕೊಟ್ಟು, ಯಾರಿಂದಲೂ ತೆಗೆಯಲಾಗದಂತೆ ಮುಚ್ಚಿ ಕಳಿಸಿತ್ತಂತೆ. ಆ ಅಂಕಿ ಇದ್ದರೇ ಕಾರ್ಡಿಗೆ ಬೆಲೆಯಂತೆ.

"ಒಂದು ಯಾಕೆ ಕಳೆದ್ರು?" ಎಂದೆ.

"ಗೊತ್ತಿಲ್ಲ ಅಕ್ಕ, ಅವ್ರು ಹೇಳಲ್ಲ."

"ನೋಡಿದವರು ಯಾರು?"

"ಅದೂ ಹೇಳಲ್ಲ. ಯಾರು ಅಂತ ಗೊತ್ತಿಲ್ದೇ ಇರೋದಕ್ಕೇ ಜನ ನಂಬೋದು."

ಮುಖ ತೋರಿಸದವರನ್ನು ನಂಬಿ ದುಡ್ಡು ಸುರಿಯುವ ಈ ವ್ಯವಹಾರ ನನ್ನ ತಲೆಗೆ ಹತ್ತಲಿಲ್ಲ. ಹತ್ತುವುದೂ ಬೇಡ ಅನ್ನಿಸಿತು. ಏಕೆಂದರೆ ತೊಂಬತ್ತರ ದಶಕದಲ್ಲಿ ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲೂ ಇಂಥದೊಂದು ಕಂಪನಿ ಇತ್ತು. ಅದು ದಿನಾ ಸಂಜೆ ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿತ್ತು. ನನ್ನ ಅಜ್ಜಿ.

ಆಗ ಬಬ್ಬಲ್ ಗಮ್ ಪೊಟ್ಟಣದೊಳಗೆ ಕುಸ್ತಿಯವರ ಚಿತ್ರದ ಕಾರ್ಡುಗಳು ಬರುತ್ತಿದ್ದವು. ಗಮ್ಮನ್ನು ಎರಡು ಸಲ ಜಗಿದು ಉಗಿದುಬಿಡುತ್ತಿದ್ದೆವು, ಕಾರ್ಡನ್ನು ಮಾತ್ರ ಜೀವ ಹೋದರೂ ಬಿಡುತ್ತಿರಲಿಲ್ಲ. ಬೀದಿಯ ಮಕ್ಕಳೆಲ್ಲ ಒಬ್ಬರದನ್ನು ಒಬ್ಬರು ಕೊಟ್ಟು ತೆಗೆದುಕೊಂಡು ಮಾಡುತ್ತಿದ್ದೆವು. ಜಗಳ ಬರುತ್ತಿದ್ದುದು ಅಲ್ಲೇ. ನಿನ್ನದರ ಮೂಲೆ ಸವೆದಿದೆ, ನಿನ್ನದಕ್ಕೆ ಬೆವರಿನ ಕಲೆ ಹತ್ತಿದೆ ಎಂದು ಕೂದಲು ಹಿಡಿದು ಎಳೆದಾಡುವವರೆಗೂ ಹೋಗುತ್ತಿತ್ತು. ಒಂದು ಸಂಜೆ ನಮ್ಮ ಗಲಾಟೆ ತಾಳಲಾರದೆ ಅಜ್ಜಿ, "ತನ್ನಿ ಇಲ್ಲಿ, ನಾನು ಹೇಳ್ತೀನಿ" ಎಂದು ಕಾರ್ಡು ಕಸಿದುಕೊಂಡಳು.

ಅಜ್ಜಿಯ ತವರಿನವರದು ಎಲೆತೋಟ. ನಾನು ಹುಟ್ಟುವ ಹೊತ್ತಿಗೆ ಆ ತೋಟದ ಜಾಗದಲ್ಲಿ ಸೈಟುಗಳಾಗಿ ಮನೆಗಳೆದ್ದಿದ್ದವು, ಆದರೆ ವೀಳ್ಯದೆಲೆ ಆರಿಸುವ ಕೈ ಅಜ್ಜಿಯಲ್ಲಿ ಹಾಗೇ ಉಳಿದಿತ್ತು. ಎಲೆಯ ಕಟ್ಟು ಬಿಚ್ಚಿದರೆ ಮೂರು ಗುಡ್ಡೆ. ತುದಿ ಮುರಿಯದ, ತೂತಿಲ್ಲದ, ಕಲೆಯಿಲ್ಲದ ಎಲೆ ದೇವರಿಗೆ. ಸ್ವಲ್ಪ ಬಾಡಿದ್ದರೂ ನಾಲ್ಕು ಜನರೆದುರು ತಟ್ಟೆಯಲ್ಲಿಡಬಹುದಾದದ್ದು ತಾಂಬೂಲಕ್ಕೆ. ಹರಿದದ್ದು ಮುರಿದದ್ದೆಲ್ಲ ತನ್ನ ಬಾಯಿಗೆ. ಕಾರ್ಡನ್ನೂ ಅಜ್ಜಿ ಹಾಗೇ ನೋಡಿದಳು. ಬೆಳಕಿಗೆ ಹಿಡಿದು, ಅಂಚಿನ ಸುತ್ತ ಹೆಬ್ಬೆರಳು ಓಡಿಸಿ, "ತಾಂಬೂಲಕ್ಕೆ" ಎಂದಳು. ಅಲ್ಲಿಗೆ ಜಗಳ ಮುಗಿಯಿತು. ಅಂದಿನಿಂದ ಅದೇ ನಮ್ಮ ದರ್ಜೆ, ಅದರ ಮೇಲೇ ನಮ್ಮ ಬೆಲೆ. ದೇವರಿಗೆ ಎಂದು ಅನ್ನಿಸಿಕೊಂಡ ಒಂದು ಕಾರ್ಡಿಗೆ ತಾಂಬೂಲದವು ನಾಲ್ಕು ಬರುತ್ತಿದ್ದವು. ಬಾಯಿಗೆ ಎನ್ನಿಸಿಕೊಂಡದ್ದನ್ನು ಪುಕ್ಕಟೆ ಕೊಟ್ಟರೂ ಯಾರೂ ಮೂಸುತ್ತಿರಲಿಲ್ಲ.

ಅಜ್ಜಿಗೆ ಒಬ್ಬ ಕುಸ್ತಿಯವನೂ ಗೊತ್ತಿರಲಿಲ್ಲ. "ಇವನೆಂಥ ಪೈಲ್ವಾನ ಕಣೇ, ಮೈಗೆ ಗರಡಿಮಣ್ಣೇ ಹತ್ತಿಲ್ಲ. ತಲೆ ನೋಡು, ಇವರಮ್ಮ ಬಾಚೋದಿಲ್ವಾ?" ಎನ್ನುತ್ತಿದ್ದಳು. ಯಾರು ದೊಡ್ಡವನು ಯಾರು ಚಿಕ್ಕವನು ಎಂದು ತಿಳಿಯದ್ದರಿಂದ ಅವಳಿಗೆ ಯಾರ ಮೇಲೂ ಆಸೆ ಇರಲಿಲ್ಲ. ಮೊಮ್ಮಗಳೆಂಬ ಮುಲಾಜೂ ಇರಲಿಲ್ಲ. ನಾನು ಎದೆಗವಚಿಕೊಂಡು ತಂದ ಕಾರ್ಡನ್ನು ಎಲ್ಲರೆದುರು ಬಾಯಿಗೆ ಎಂದು ಎಸೆದಿದ್ದಳು. ನಾನು ಅವತ್ತು ರಾತ್ರಿ ಊಟ ಬಿಟ್ಟೆ. ಬೀದಿಯ ಮಕ್ಕಳಿಗೆ ಮಾತ್ರ ಅವಳ ಮೇಲಿನ ನಂಬಿಕೆ ಅವತ್ತೇ ಗಟ್ಟಿಯಾಯಿತು.

ಅಜ್ಜಿಯ ಮಾತಿಗೆ ತಕರಾರು ತೆಗೆಯುತ್ತಿದ್ದವನು ಒಬ್ಬನೇ, ಎದುರುಮನೆಯ ದಿನಸಿ ಅಂಗಡಿಯವರ ಮಗ. ನನ್ನ ಕ್ಲಾಸಿನವನೇ. ಹಣೆ ತುಂಬ ವಿಭೂತಿ, ಬಾಯಿ ತುಂಬ ವ್ಯಾಪಾರ. "ಅಜ್ಜಿ, ಇನ್ನೊಂದ್ಸಲ ನೋಡಿ, ಅದು ಕಲೆ ಅಲ್ಲ, ನೆರಳು" ಎಂದು ಗಂಟೆಗಟ್ಟಲೆ ವಾದ ಮಾಡುತ್ತಿದ್ದ. ಅಜ್ಜಿ, "ನೆರಳಾದ್ರೆ ಒರೆಸಿ ತೋರಿಸೋ" ಎನ್ನುತ್ತಿದ್ದಳು. ಇಬ್ಬರಿಗೂ ಆ ಜಗಳವಿಲ್ಲದೆ ಸಂಜೆ ಸಂಜೆಯೇ ಅಲ್ಲ. ಅವನಿಂದ ಒಂದು ಕಾರ್ಡು ಬಿಡಿಸಿಕೊಳ್ಳುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ.

ಹೀಗಿರುವಾಗ ಒಂದು ದಿನ ದೇವರ ತಟ್ಟೆಯಲ್ಲಿ ತೂತಿದ್ದ ಎಲೆ ಕಂಡೆ. ಕೈತಪ್ಪಿರಬೇಕು ಎಂದುಕೊಂಡೆ. ಮರುವಾರ ಮತ್ತೊಂದು. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಆಪರೇಷನ್ ಆಗಬೇಕೆಂದರು. ಅಜ್ಜಿಗೆ ಕಣ್ಣಿಗೆ ಕತ್ತರಿ ಹಾಕುತ್ತಾರೆಂದರೆ ಪ್ರಾಣಭಯ. ಯುಗಾದಿ ಕಳೀಲಿ, ಶ್ರಾವಣ ಕಳೀಲಿ ಎಂದು ಮುಂದೆ ಹಾಕುತ್ತಲೇ ಹೋದಳು. ಅಪ್ಪ ಬೈದರೆ, "ನಂಗೆ ಚೆನ್ನಾಗೇ ಕಾಣ್ತದೆ ಬುಡೋ" ಎನ್ನುತ್ತಿದ್ದಳು. ಸಂಜೆಯಾದರೆ ಜಗಲಿಗೆ ಬಂದು ಕೂತು, ಮಕ್ಕಳು ಬರುವ ಸದ್ದಿಗೆ ಕಿವಿಕೊಡುತ್ತಿದ್ದಳು. ನನಗೆ ಒಂದೇ ಭಯ. ಅಜ್ಜಿಗೆ ಕಾಣುವುದಿಲ್ಲವೆಂದು ಈ ಮಕ್ಕಳಿಗೆ ತಿಳಿದರೆ ನಾಳೆಯಿಂದ ಜಗಲಿಗೆ ಯಾರು ಬರುತ್ತಾರೆ? ಆ ಸಂಜೆಗಳು ಹೋದರೆ ಅವಳಿಗೆ ಇನ್ನೇನು ಉಳಿಯುತ್ತದೆ?

ಆಷಾಢದಲ್ಲಿ ಚಾಮರಾಜಪುರಂನಿಂದ ನನ್ನ ಚಿಕ್ಕಮ್ಮನ ಮಗ ಬಂದ. ಅವನ ಹತ್ತಿರ ಚಿನ್ನದ ಬಣ್ಣದ ಅಂಚಿನ ಕಾರ್ಡಿತ್ತು. ಅಂಥದ್ದು ಇದೆಯೆಂದು ಕೇಳಿದ್ದೆವೇ ಹೊರತು ಯಾರೂ ಕಣ್ಣಲ್ಲಿ ಕಂಡಿರಲಿಲ್ಲ. ಅಂಗಡಿಯವರ ಮಗನಿಗೆ ಅದು ಬೇಕೇ ಬೇಕು. ಅಜ್ಜಿ ದೇವರಿಗೆ ಎಂದರೆ ತನ್ನ ಇಡೀ ಕಾರ್ಡಿನ ಕಟ್ಟನ್ನೇ ಕೊಡುವುದಾಗಿ ಮಾತಾಯಿತು. ಎಲ್ಲರೂ ಜಗಲಿಗೆ ಮುತ್ತಿಕೊಂಡೆವು.

ಅಜ್ಜಿ ಕಾರ್ಡನ್ನು ಬೆಳಕಿಗೆ ಹಿಡಿದಳು. ಅಂಚಿನ ಸುತ್ತ ಹೆಬ್ಬೆರಳು ಓಡಿಸಿದಳು. ಅಂಚು ನುಣುಪಾಗೇ ಇತ್ತು. ಆದರೆ ನಟ್ಟನಡುವೆ, ಒಮ್ಮೆ ಯಾರೋ ಮಡಚಿ ಬಿಚ್ಚಿದ್ದ ಬಿಳಿ ಗೆರೆ ಎದ್ದು ಕಾಣುತ್ತಿತ್ತು. ಎಲ್ಲರ ಹಿಂದೆ ನಿಂತಿದ್ದ ನನಗೇ ಕಾಣುತ್ತಿತ್ತು.

"ದೇವರಿಗೆ" ಎಂದಳು ಅಜ್ಜಿ.

ಚಿಕ್ಕಮ್ಮನ ಮಗ ಏನೋ ಹೇಳಲು ಬಾಯಿ ತೆರೆದ, ನಾನು ಅವನ ಕಾಲು ತುಳಿದೆ. ಅಂಗಡಿಯವರ ಮಗ ಕಾರ್ಡನ್ನು ನೋಡಿದ, ಅಜ್ಜಿಯ ಕಣ್ಣು ನೋಡಿದ. ತಕರಾರು ಈಗ ಬಂತು ಎಂದುಕೊಂಡೆ. ಅವನು ಚಡ್ಡಿ ಜೇಬಿನಿಂದ ರಬ್ಬರ್ ಬ್ಯಾಂಡ್ ಹಾಕಿದ್ದ ಕಟ್ಟು ತೆಗೆದು ನನ್ನ ಚಿಕ್ಕಮ್ಮನ ಮಗನ ಕೈಗಿಟ್ಟ.

"ಅಜ್ಜಿ ಹೇಳ್ಬುಟ್ರಲ್ಲ, ಆಯ್ತು" ಎಂದ.

ಆಮೇಲೆ ಅವನ ಹಿಂದೆಯೇ ಓಡಿಹೋಗಿ ಗೇಟಿನ ಬಳಿ ಹಿಡಿದೆ. "ಅದು ಮಡಚಿತ್ತು ಕಣೋ."

"ನಂಗೂ ಕಣ್ಣೈತೆ ಕಣೇ" ಎಂದ. "ನಾಲ್ಕು ತಿಂಗ್ಳಿಂದ ಗೊತ್ತು. ಅದಕ್ಕೇ ನಾನು ಜಗಳ ಆಡ್ತಿಲ್ಲ."

ಹೌದಲ್ಲ! ಎಷ್ಟೋ ದಿನದಿಂದ ಅವನ ವಾದವೇ ಕೇಳಿರಲಿಲ್ಲ. ಬುದ್ಧಿ ಬಂದಿರಬೇಕು ಎಂದುಕೊಂಡಿದ್ದೆ. ಆ ಜಿಪುಣನ ಮೇಲೆ ಅವತ್ತು ಬಂದ ಪ್ರೀತಿಯನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಗೌರಿಹಬ್ಬ ಕಳೆದ ಮೇಲೆ ಅಪ್ಪ ಅಜ್ಜಿಯನ್ನು ಹೆಚ್ಚೂಕಮ್ಮಿ ಎತ್ತಿಕೊಂಡೇ ಹೋಗಿ ಆಪರೇಷನ್ ಮಾಡಿಸಿದರು. ದಪ್ಪ ಕನ್ನಡಕ ಬಂತು. ಅದನ್ನು ಹಾಕಿಕೊಂಡ ದಿನವೇ ಅಜ್ಜಿ ಮಕ್ಕಳನ್ನೆಲ್ಲ ಕರೆಸಿ, ಈ ವರ್ಷ ತಾನು ನೋಡಿದ ಕಾರ್ಡುಗಳನ್ನೆಲ್ಲ ತರಲು ಹೇಳಿದಳು. ಒಂದೊಂದನ್ನೇ ತಿರುವಿ ನೋಡುತ್ತ ಅವಳ ಮುಖ ಸಣ್ಣದಾಯಿತು.

"ಚಿನ್ನದಂಚಿಂದು ಎಲ್ಲೋ?" ಎಂದು ಅಂಗಡಿಯವರ ಮಗನನ್ನು ಕೇಳಿದಳು.

"ಕಳ್ದೋಯ್ತು ಅಜ್ಜಿ."

"ಕಳ್ಕೊಳ್ಳೋ ಆಸಾಮಿನೇನೋ ನೀನು? ತೆಗಿ."

ಅವನು ಕಂಪಾಸ್ ಬಾಕ್ಸಿನ ಅಡಿಯಿಂದ ಕಾರ್ಡು ತೆಗೆದುಕೊಟ್ಟ. ಅಜ್ಜಿ ಆ ಬಿಳಿ ಗೆರೆಯ ಮೇಲೆ ಬೆರಳಿಟ್ಟಳು. "ನಿಂಗೆ ಕಾಣಿಸ್ತಿತ್ತಲ್ವೇನೋ?" ಎಂದಳು. ಅಜ್ಜಿ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಹೋದಳು. ಕೆಲವು ದಿನ ಜಗಲಿಗೆ ಬರಲೇ ಇಲ್ಲ. ನನಗೆ ಅಳು ಬಂದು ಬಂದು ಹೋಗುತ್ತಿತ್ತು. ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು ಅನ್ನಿಸಿತ್ತು.

ಆಯುಧಪೂಜೆ ಬಂತು. ಅಪ್ಪನ ಸ್ಕೂಟರಿನ ಕೀಲಿ, ಅಮ್ಮನ ಹೊಲಿಗೆ ಕತ್ತರಿ, ನನ್ನ ಪುಸ್ತಕಗಳು ದೇವರ ಮುಂದೆ ಸಾಲಾಗಿದ್ದವು. ಅಜ್ಜಿ ಎದುರುಮನೆಯಿಂದ ಅವನನ್ನು ಕರೆಸಿದಳು. ತನ್ನ ಅಡಕತ್ತರಿಯ ಪಕ್ಕದಲ್ಲಿ ಎರಡು ಒಳ್ಳೆಯ ಎಲೆ ಹಾಸಿ, ಸೆರಗಿನ ಗಂಟು ಬಿಚ್ಚಿ, ಆ ಕಾರ್ಡನ್ನು ಎಲೆಯ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟಳು.

"ದೇವರಿಗೆ ಅಂದಿದ್ದೆ. ದೇವರಿಗೇ ಇಟ್ಟಿದೀನಿ. ನನ್ನ ಮಾತಿಗೆ ಇಡೀ ಕಟ್ಟು ಕೊಟ್ಟಿದೀಯ, ಅದು ಸುಳ್ಳಾಗಬಾರದು" ಎಂದಳು.

ಚಿನ್ನದ ಅಂಚಿನ ಮೇಲೆ ಕುಂಕುಮ ಇಳಿದು ಆ ಕುಸ್ತಿಯವನ ಮುಖವೆಲ್ಲ ಕೆಂಪಾಗಿತ್ತು. ಇನ್ನು ಯಾವ ಬೀದಿಯಲ್ಲೂ ಅದಕ್ಕೆ ಮೂರು ಕಾಸಿನ ಬೆಲೆಯಿರಲಿಲ್ಲ. ಅವನು ಪ್ರಸಾದದ ಜೊತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದ.

ವಿಜಯದಶಮಿಯ ಮರುದಿನ ಸಂಜೆ ಅಜ್ಜಿ ಜಗಲಿಗೆ ಬಂದು ಕಾಲು ಚಾಚಿದಳು. ಬೀದಿಯಲ್ಲಿ ಯಾರಿಗೂ ಮೊದಲು ಹೋಗಲು ಧೈರ್ಯವಿಲ್ಲ. ಅವನು ಹೋದ. ಕೈಯಲ್ಲಿ ಹೊಸದೊಂದು ಕಾರ್ಡು. ಅಜ್ಜಿ ದಪ್ಪ ಕನ್ನಡಕದಲ್ಲಿ ಕಣ್ಣು ಹಾಯಿಸಿದ್ದೇ ತಡ, "ಬಾಯಿಗೆ" ಎಂದಳು.

"ಏನಜ್ಜಿ ಇದು ಅನ್ಯಾಯ!" ಎಂದು ಅವನು ಬೀದಿಯೆಲ್ಲ ಕೇಳುವ ಹಾಗೆ ಕೂಗಿದ. "ಇನ್ನೊಂದ್ಸಲ ನೋಡಿ. ಅದು ಕಲೆ ಅಲ್ಲ, ನೆರಳು!"

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೆರಳಾದ್ರೆ ಒರೆಸಿ ತೋರಿಸೋ" ಎಂದಳು.